ತಾರಸಿ ಮೇಲಿನ ತುಡುವೆ ಪೆಟ್ಟಿಗೆ: ಪಾಲಾಗುವ ಹಿಂಡನ್ನು ತಡೆಯುವುದು, ಹಿಡಿಯುವುದು

ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ "ಜೇನು ಬಂದು ಕೂತಿದೆ" ಎಂಬ ಮಾತು ಕೇಳಿದರೆ ಮೊದಲು ತಿಳಿಯಬೇಕಾದದ್ದು ಯಾವ ಜೇನು ಎಂಬುದು. ಅದು ಗೊತ್ತಾಗುವ ಮುಂಚೆ ಏಣಿ ಹತ್ತಬೇಡಿ, ಹೊಗೆ ಹಾಕಬೇಡಿ. ಒಂದು ಜೇನಿಗೆ ಸರಿಯಾದ ಉಪಾಯ ಇನ್ನೊಂದರ ಮುಂದೆ ಆಸ್ಪತ್ರೆಗೆ ದಾರಿಯಾಗಬಹುದು.

ತುಡುವೆ ಕತ್ತಲಲ್ಲಿ ಸಂಸಾರ ಮಾಡುವ ಜೇನು. ಮರದ ಪೊಟರೆ, ಗೋಡೆಯ ಸಂದು, ಹಳೆ ಮೀಟರ್ ಬಾಕ್ಸ್, ಕೆಟ್ಟುಹೋದ ಸ್ಪೀಕರ್ ಹೀಗೆ ಎಲ್ಲಿ ಬೆಳಕು ಬೀಳದೋ ಅಲ್ಲಿ ಒಂದರ ಪಕ್ಕ ಒಂದು ಎರಿ, ಅಂದರೆ ಮೇಣದ ಹಲ್ಲೆ, ಕಟ್ಟುತ್ತದೆ. ಅದು ಬಯಲಲ್ಲಿ, ಕೊಂಬೆಯ ಮೇಲೆ ಕಂಡರೆ ಹೊಸ ಮನೆ ಹುಡುಕುತ್ತಾ ದಾರಿಯಲ್ಲಿ ತಂಗಿದೆ ಎಂದರ್ಥ. ಒಳಗೆ ಎರಿ ಇರುವುದಿಲ್ಲ. ಹೆಜ್ಜೇನು ಇದಕ್ಕೆ ತದ್ವಿರುದ್ಧ: ಬಯಲಲ್ಲೇ, ಎತ್ತರದಲ್ಲಿ, ಒಂದೇ ದೊಡ್ಡ ಎರಿ, ಒಂದು ಮೀಟರ್ ಅಗಲಕ್ಕೂ ಬೆಳೆಯುತ್ತದೆ. ನೊಣವೇ ಸುಮಾರು ಮುಕ್ಕಾಲು ಇಂಚು ಉದ್ದ; ತುಡುವೆ ಅರ್ಧ ಇಂಚನ್ನೂ ಮುಟ್ಟದು. ಗಿಡದ ಕಡ್ಡಿಗೆ ಅಂಗೈಯಗಲದ ಒಂದೇ ಎರಿ ಕಟ್ಟಿದ್ದು ಕೋಲುಜೇನು. ಗೋಡೆಯ ತೂತಿನಿಂದ ಸಣ್ಣ ಅಂಟಿನ ಕೊಳವೆ ಹೊರಚಾಚಿ, ಅದರಲ್ಲಿ ಕಪ್ಪು ಪುಟ್ಟ ನೊಣ ಓಡಾಡುತ್ತಿದ್ದರೆ ಮುಜಂಟಿ. ಕೆಲವೆಡೆ ನಸರಿ, ಮಿಸರಿ ಎಂದೂ ಕರೆಯುತ್ತಾರೆ. ಅದು ಚುಚ್ಚುವುದೇ ಇಲ್ಲ. ಕೊನೆಯ ಎರಡನ್ನೂ ಇದ್ದಲ್ಲೇ ಬಿಟ್ಟುಬಿಡಿ.

ಪೆಟ್ಟಿಗೆಯಲ್ಲಿ ಸಾಕಬಹುದಾದವು ತುಡುವೆ, ಮುಜಂಟಿ ಮತ್ತು ಹೊರಗಿನಿಂದ ಬಂದ ಮೆಲಿಫೆರಾ. ಮೆಲಿಫೆರಾ ಕುಟುಂಬ ದೊಡ್ಡದು, ಹೊಟ್ಟೆಯೂ ದೊಡ್ಡದು. ಹೂ ಹುಡುಕಿಕೊಂಡು ಊರಿಂದೂರಿಗೆ ಪೆಟ್ಟಿಗೆ ಸಾಗಿಸುವವರಿಗೆ ಸರಿ. ನಗರದ ತಾರಸಿಗೆ ತುಡುವೆಯೇ ಲೇಸು. ಮುಂದಿನ ಮಾತೆಲ್ಲ ಮುಖ್ಯವಾಗಿ ಅದರದ್ದು, ಕಡೆಗೆ ಹೆಜ್ಜೇನಿನದ್ದು.

ಜಾಗ ಮತ್ತು ಪೆಟ್ಟಿಗೆ

ಬೆಳಗಿನ ಎಳೆಬಿಸಿಲು ಬಿದ್ದು ಹನ್ನೊಂದರ ಮೇಲೆ ನೆರಳಾಗುವ ಮೂಲೆ ಹುಡುಕಿ. ಬಾಗಿಲು ಪೂರ್ವಕ್ಕೋ ಆಗ್ನೇಯಕ್ಕೋ ಇರಲಿ. ಬಾಗಿಲ ಮುಂದೆ ಹತ್ತಡಿ ಯಾರೂ ಓಡಾಡುವಂತಿರಬಾರದು. ನೀರಿನ ಟ್ಯಾಂಕ್, ಸೋಲಾರ್ ಹೀಟರ್ ನೋಡಲು ಬರುವ ಪ್ಲಂಬರನ ದಾರಿಯೂ ಲೆಕ್ಕಕ್ಕೆ ಸೇರಿದ್ದು. ಪಕ್ಕದ ಮನೆಯ ಕಿಟಕಿ ಎದುರಾಗುವಂತಿದ್ದರೆ ಪೆಟ್ಟಿಗೆಯಿಂದ ಮೂರ್ನಾಲ್ಕು ಅಡಿ ಮುಂದೆ ಆರಡಿ ಎತ್ತರದ ಶೇಡ್ ನೆಟ್ ಕಟ್ಟಿ. ಅದನ್ನು ದಾಟಲು ನೊಣಗಳು ಮೇಲೇರುತ್ತವೆ, ಏರಿದ ಮೇಲೆ ತಲೆಮಟ್ಟಕ್ಕೆ ಇಳಿಯದೆ ಹಾಗೇ ಸಾಗುತ್ತವೆ.

ನೆರೆಯವರ ಮೊದಲ ದೂರು ಬರುವುದು ಚುಚ್ಚಿದ್ದಕ್ಕಲ್ಲ, ಒಣಹಾಕಿದ ಬಿಳಿ ಬಟ್ಟೆಯ ಮೇಲಿನ ಹಳದಿ ಚುಕ್ಕೆಗೆ. ನೊಣಗಳು ಹಾರುತ್ತಲೇ ಹಿಕ್ಕೆ ಹಾಕುತ್ತವೆ, ಹೆಚ್ಚಾಗಿ ಬಾಗಿಲಿಂದ ಹೊರಟ ಕೂಡಲೇ. ಬಟ್ಟೆಯ ತಂತಿ ಆ ದಾರಿಯಲ್ಲಿ ಬೇಡ. ಎರಡನೆಯ ದೂರು ನೀರಿನದು. ಪೆಟ್ಟಿಗೆ ಬರುವ ಮುಂಚೆಯೇ ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ತುಂಬಿ ನೀರಿಡಿ, ಒಂದು ದಿನವೂ ಒಣಗಲು ಬಿಡಬೇಡಿ. ಒಮ್ಮೆ ಪಕ್ಕದವರ ಎಸಿ ಪೈಪೋ ನಾಯಿಯ ಬಟ್ಟಲೋ ರೂಢಿಯಾದರೆ ಆಮೇಲೆ ನಿಮ್ಮ ತಟ್ಟೆಯತ್ತ ತಿರುಗಿಯೂ ನೋಡುವುದಿಲ್ಲ. ಮನೆ ಬಾಡಿಗೆಯದಾದರೆ ಮಾಲೀಕರನ್ನು, ಅಪಾರ್ಟ್‌ಮೆಂಟ್ ಆದರೆ ಸಂಘವನ್ನು ಮೊದಲೇ ಕೇಳಿ. ಅಕ್ಕಪಕ್ಕದಲ್ಲಿ ಜೇನು ಚುಚ್ಚಿ ಹಿಂದೆ ಉಸಿರು ಕಟ್ಟಿದವರು ಇದ್ದಾರೆಯೇ ಎಂದೂ ವಿಚಾರಿಸಿ. ಇದ್ದರೆ ಬೇರೆ ಜಾಗ ನೋಡಿ.

ಸ್ಟ್ಯಾಂಡ್ ಎರಡೂವರೆ ಅಡಿ ಎತ್ತರವಿರಲಿ. ಕಾಲುಗಳ ಕೆಳಗೆ ಇರುವೆ ತಡೆಯುವ ನೀರಿನ ಬಟ್ಟಲು. ನೀರಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಸೊಳ್ಳೆಯೂ ಮೊಟ್ಟೆಯಿಡದು. ಬಟ್ಟಲಿಗೆ ಬಿದ್ದ ಒಂದು ಒಣಗಿದೆಲೆ, ಸ್ಟ್ಯಾಂಡಿಗೆ ತಾಗಿದ ಒಂದು ಬಳ್ಳಿ ಸಾಕು ಇರುವೆಗೆ ಸೇತುವೆಯಾಗಲು. ತುಡುವೆ ಇರುವೆಯ ಜೊತೆ ಬಹಳ ದಿನ ಜಗಳವಾಡುವುದಿಲ್ಲ, ಗೂಡು ಬಿಟ್ಟು ಹೋಗುತ್ತದೆ.

ತುಡುವೆಗೆ ನ್ಯೂಟನ್ ಮಾದರಿಯ ಅಥವಾ ಐಎಸ್‌ಐ ಎ ಮಾದರಿಯ ಪೆಟ್ಟಿಗೆ ಸಾಕು: ಅಡಿಮಣೆ, ಮರಿ ಬೆಳೆಯುವ, ಏಳೆಂಟು ಚೌಕಟ್ಟಿನ ಸಂಸಾರ ಕೋಣೆ, ಅದರ ಮೇಲೆ ಗಿಡ್ಡ ಚೌಕಟ್ಟುಗಳ ಜೇನು ಕೋಣೆ, ಒಳಮುಚ್ಚಳ, ತಗಡು ಹೊದಿಸಿದ ಮೇಲ್ಮುಚ್ಚಳ. ಸಂಸಾರ ಕೋಣೆಯ ಚೌಕಟ್ಟು ಸುಮಾರು ಎಂಟು ಇಂಚು ಉದ್ದ, ಐದೂವರೆ ಇಂಚು ಎತ್ತರ. ಕೊಳ್ಳುವಾಗ ಅಳತೆಪಟ್ಟಿ ಒಯ್ಯಿರಿ. ಚೌಕಟ್ಟಿನ ಪಕ್ಕದ ಕಡ್ಡಿಗೂ ಪೆಟ್ಟಿಗೆಯ ಗೋಡೆಗೂ ನಡುವೆ 7ರಿಂದ 9 ಮಿ.ಮೀ. ಸಂದು ಇರಬೇಕು. ಹೆಚ್ಚಾದರೆ ಅಲ್ಲೂ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಅಂಟಿಸಿಬಿಡುತ್ತವೆ, ಎತ್ತುವಾಗ ಎರಿ ಹರಿದು ತುಪ್ಪ ಸುರಿಯುತ್ತದೆ. ಎಲ್ಲ ಪೆಟ್ಟಿಗೆಗಳೂ ಒಂದೇ ಬಡಗಿಯವು, ಒಂದೇ ಅಳತೆಯವು ಆಗಿರಲಿ. ಇಲ್ಲದಿದ್ದರೆ ಒಂದರ ಚೌಕಟ್ಟು ಇನ್ನೊಂದಕ್ಕೆ ಕೂರದೆ ಅವಸರದ ಹೊತ್ತಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹೊರಗೆ ಮಾತ್ರ ಬಿಳಿ ಬಣ್ಣ ಬಳಿಯಿರಿ, ಒಂದು ವಾರ ಗಾಳಿಗೆ ಬಿಟ್ಟು ವಾಸನೆ ಹೋದ ಮೇಲೆ ಬಳಸಿ. ತಾರಸಿಯ ಗಾಳಿಗೆ ಮುಚ್ಚಳ ಹಾರದಂತೆ ಹಗ್ಗ ಬಿಗಿಯುವುದು ಮರೆಯಬೇಡಿ.

ಒಂದು ಪೆಟ್ಟಿಗೆಗಿಂತ ಎರಡು ಮೇಲು. ಒಂದರ ರಾಣಿ ಸತ್ತರೆ ಇನ್ನೊಂದರಿಂದ ಮೊಟ್ಟೆಯಿರುವ ಎರಿ ಕೊಟ್ಟು ಉಳಿಸಿಕೊಳ್ಳಬಹುದು. 30×40 ಸೈಟಿನ ಮನೆಗೆ ಎರಡು ಸಾಕು, ಮೂರನೆಯದಕ್ಕೆ ಆಸೆಪಡಬೇಡಿ. ಕುಟುಂಬ ಕೊಳ್ಳಲು ಮಳೆ ಕಳೆದ ನವೆಂಬರ್ ಒಳ್ಳೆಯದು. ನಾಲ್ಕೈದು ಎರಿಗಳ ತುಂಬ ನೊಣ, ಎರಿಯ ಕೋಶಗಳ ತಳದಲ್ಲಿ ನಿಂತ ಹೊಸ ಮೊಟ್ಟೆ, ಕಾಲಿಗೆ ಪರಾಗದ ಉಂಡೆ ಅಂಟಿಸಿಕೊಂಡು ಒಳಬರುವ ನೊಣ, ಈ ಮೂರನ್ನೂ ಕಣ್ಣಾರೆ ನೋಡಿ ತೆಗೆದುಕೊಳ್ಳಿ. ಕಲಿಯಬೇಕೆನ್ನುವವರಿಗೆ ತೋಟಗಾರಿಕೆ ಇಲಾಖೆಯ ತರಬೇತಿಗಳಿವೆ. ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನುಕೃಷಿ ವಿಭಾಗವೇ ಇದೆ.

ಪಾಲಾಗುವ ಮುನ್ಸೂಚನೆ

ನಗರದಲ್ಲಿ ಜೇನು ಸಾಕುವವರ ನಿಜವಾದ ಕೆಲಸ ತುಪ್ಪ ತೆಗೆಯುವುದಲ್ಲ, ಕುಟುಂಬ ಪಾಲಾಗುವುದನ್ನು, ಅಂದರೆ ರಾಣಿಯೊಂದಿಗೆ ಒಂದು ಪಾಲು ನೊಣಗಳು ಗೂಡು ಬಿಟ್ಟು ಹೊರಡುವುದನ್ನು, ಮುಂಚೆಯೇ ಕಂಡುಹಿಡಿಯುವುದು. ತೋಟದಲ್ಲಿ ಒಂದು ಹಿಂಡು ಹಾರಿಹೋದರೆ ಅದು ನಿಮ್ಮೊಬ್ಬರ ನಷ್ಟ. ಇಲ್ಲಿ ಅದು ಶಾಲೆಯ ಗೇಟಿಗೋ, ಎದುರುಮನೆಯ ಸ್ಕೂಟರಿಗೋ ಹೋಗಿ ಕೂರುತ್ತದೆ. ಯಾರೋ ಕೀಟನಾಶಕ ಹೊಡೆಯುತ್ತಾರೆ, ಮರುದಿನ ನಿಮ್ಮ ಪೆಟ್ಟಿಗೆಯೂ ಇಳಿಯಬೇಕಾಗುತ್ತದೆ.

ಮಳೆ ನಿಂತು ಹೂ ಶುರುವಾದ ಮೇಲೆ ಕುಟುಂಬ ಬೆಳೆಯುತ್ತದೆ; ಬೆಂಗಳೂರಿನ ಸುತ್ತ ಸಾಮಾನ್ಯವಾಗಿ ನವೆಂಬರಿನಿಂದ ಮಾರ್ಚಿನವರೆಗೆ ಎಚ್ಚರ ಬೇಕು. ಈ ತಿಂಗಳುಗಳಲ್ಲಿ ಪ್ರತಿ ಏಳು ದಿನಕ್ಕೊಮ್ಮೆ ಪೆಟ್ಟಿಗೆ ತೆರೆಯಿರಿ. ಹತ್ತು ದಿನಕ್ಕೊಮ್ಮೆ ಆದೀತು ಎನ್ನುವಂತಿಲ್ಲ, ಕಾರಣ ರಾಣಿಯ ಲೆಕ್ಕ: ಮೊಟ್ಟೆಯಾಗಿ 3 ದಿನ, ಹುಳುವಾಗಿ 5 ದಿನ, ಕೋಶದ ಬಾಯನ್ನು ಮೇಣದಿಂದ ಮುಚ್ಚಿದ ಮೇಲೆ 7ರಿಂದ 8 ದಿನ. ಮೊದಲ ರಾಣಿ ಕೋಶ ಮುಚ್ಚುತ್ತಲೇ, ಅಂದರೆ ಎಂಟು–ಒಂಬತ್ತನೆಯ ದಿನದ ಸುಮಾರಿಗೆ, ಬಿಸಿಲಿರುವ ಹೊತ್ತು ನೋಡಿ ಹಳೆ ರಾಣಿ ಅರ್ಧದಷ್ಟು ನೊಣಗಳೊಂದಿಗೆ ಹೊರಡುತ್ತಾಳೆ. ನೀವು ಪೆಟ್ಟಿಗೆ ನೋಡಿ ಮುಚ್ಚಿದ ಮರುದಿನ ಇಟ್ಟ ಮೊಟ್ಟೆ ಹತ್ತನೆಯ ದಿನಕ್ಕೆ ಮುಚ್ಚಿದ ಕೋಶವಾಗಿರುತ್ತದೆ.

ತೆರೆಯಲು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಮೋಡ, ಗಾಳಿ, ತುಂತುರು ಇದ್ದರೆ ಬೇಡ. ಹೊಗೆತಿದಿಗೆ ತೆಂಗಿನ ನಾರು ಅಥವಾ ಹಳೆ ಗೋಣಿಯ ಚೂರು ಹಾಕಿ. ಬಾಗಿಲಿಗೆ ಎರಡು ಊದು, ಒಳಮುಚ್ಚಳದ ಕೆಳಗೆ ಒಂದು, ಅಷ್ಟೇ. ತುಡುವೆಗೆ ಹೊಗೆ ಹೆಚ್ಚಾದರೆ ಎರಿಯ ಮೇಲೆ ದಿಕ್ಕೆಟ್ಟು ಓಡುತ್ತದೆ, ಗೊಂಚಲುಗೊಂಚಲಾಗಿ ಕೆಳಗುದುರುತ್ತದೆ, ಆ ಗೊಂಚಲಿನಲ್ಲಿ ರಾಣಿಯೂ ಇರಬಹುದು. ಚೌಕಟ್ಟನ್ನು ಪೆಟ್ಟಿಗೆಯ ಮೇಲೆಯೇ, ನೇರವಾಗಿ ಹಿಡಿದು ನೋಡಿ. ಹೊಸ ಎರಿಯನ್ನು ಅಡ್ಡ ಮಲಗಿಸಿದರೆ ಭಾರಕ್ಕೆ ಮುರಿಯುತ್ತದೆ. ಹತ್ತು ನಿಮಿಷದಲ್ಲಿ ಮುಚ್ಚಿಬಿಡಿ.

ನೋಡಬೇಕಾದ ಮೊದಲ ಗುರುತು ಗಂಡುನೊಣದ ಕೋಶಗಳು. ಎರಿಯ ಕೆಳ ಅಂಚಿನಲ್ಲಿ ತುಸು ಉಬ್ಬಿದ ಮುಚ್ಚಳ, ನಡುವೆ ಸೂಜಿಮೊನೆಯಷ್ಟು ರಂಧ್ರ. ಇವು ತುಂಬಿ, ಮಧ್ಯಾಹ್ನದ ಹೊತ್ತು ದಪ್ಪ ಕಪ್ಪು ಗಂಡುನೊಣಗಳು ಹಾರಾಡತೊಡಗಿದರೆ ಕುಟುಂಬದ ಮನಸ್ಸು ಆ ಕಡೆ ಹೊರಳಿದೆ. ಆಮೇಲೆ ಎರಿಯ ಕೆಳ ಅಂಚಿನಲ್ಲಿ ರಾಣಿ ಕೋಶಗಳು ಶೇಂಗಾಕಾಯಿಯ ಹಾಗೆ ತಲೆಕೆಳಗಾಗಿ ತೂಗುತ್ತವೆ. ಅಂಚಿನಲ್ಲಿ ಐದಾರು ಅಥವಾ ಹೆಚ್ಚು ಇದ್ದರೆ ಅದು ಪಾಲಾಗುವ ತಯಾರಿ. ಒಂದೋ ಎರಡೋ ಮಾತ್ರ ಇದ್ದರೆ ಮುದಿರಾಣಿಯನ್ನು ಬದಲಿಸಿಕೊಳ್ಳುತ್ತಿವೆ, ಮುಟ್ಟಬೇಡಿ. ಅಂಚು ಬಿಟ್ಟು ಎರಿಯ ಮೈಮೇಲೆ, ಮಾಮೂಲಿ ಕೋಶವನ್ನೇ ಎಳೆದು ಕಟ್ಟಿದ್ದರೆ ರಾಣಿ ಸತ್ತಿದ್ದಾಳೆ, ತುರ್ತಿಗೆ ಹೊಸಬಳನ್ನು ಬೆಳೆಸುತ್ತಿವೆ.

ಕೋಶದ ತುದಿಯನ್ನು ಹತ್ತಿರದಿಂದ ನೋಡುವ ರೂಢಿ ಮಾಡಿಕೊಳ್ಳಿ. ಮೇಣ ದಪ್ಪಗೆ, ನಸುಬಿಳಿಯಾಗಿದ್ದರೆ ಇನ್ನೂ ದಿನಗಳಿವೆ. ನೊಣಗಳು ತುದಿಯ ಮೇಣವನ್ನು ಕೆರೆದು ಕಂದು ಪೊರೆ ಕಾಣುತ್ತಿದ್ದರೆ ಒಂದೆರಡು ದಿನದಲ್ಲಿ ರಾಣಿ ಹೊರಗೆ. ತುದಿ ದುಂಡಗೆ ಕತ್ತರಿಸಿ ಮುಚ್ಚಳದಂತೆ ಜೋತಿದ್ದರೆ ಅವಳು ಈಗಾಗಲೇ ಬಂದಾಗಿದೆ. ಪಕ್ಕದಲ್ಲಿ ಹರಿದು ತೂತಾಗಿದ್ದರೆ ಇನ್ನೊಬ್ಬ ರಾಣಿ ಅದನ್ನು ಕೊಂದಿದ್ದಾಳೆ.

ಬಾಗಿಲಲ್ಲಿ ನೊಣಗಳು ಗಡ್ಡದಂತೆ ಜೋತಿರುವುದನ್ನು ಕಂಡ ಕೂಡಲೇ ಪಾಲಾಗುತ್ತದೆ ಎಂದುಕೊಳ್ಳಬೇಡಿ. ಏಪ್ರಿಲ್‌ನ ಸಂಜೆ ಅದು ಸೆಖೆಗೂ ಆಗುತ್ತದೆ. ಒದ್ದೆ ಗೋಣಿ ಹೊದಿಸಿ ನೋಡಿ, ಒಳಗೆ ಹೋದರೆ ಸೆಖೆಯೇ.

ನೀವೇ ಪಾಲು ಮಾಡುವುದು

ರಾಣಿ ಕೋಶ ಕಂಡಾಗ ಹೊಸಬರು ಮಾಡುವ ಮೊದಲ ಕೆಲಸ ಅವನ್ನೆಲ್ಲ ಕಿತ್ತುಹಾಕುವುದು. ಅದರಿಂದ ಒಂದು ವಾರ ತಳ್ಳಬಹುದೇ ಹೊರತು ತಡೆಯಲಾಗದು. ಮೂಲೆಯಲ್ಲಿ ಅವಿತ ಒಂದು ಕೋಶ ಕಣ್ಣು ತಪ್ಪಿದರೂ ಮುಗಿಯಿತು. ಅದಕ್ಕಿಂತ ಕೆಟ್ಟದ್ದು, ಹಿಂಡು ನಿಮಗೆ ತಿಳಿಯದೆ ಆರೇಳು ದಿನದ ಹಿಂದೆಯೇ ಹೋಗಿದ್ದು ನೀವು ಇಂದು ಎಲ್ಲ ಕೋಶ ಕಿತ್ತರೆ ಉಳಿದವರಿಗೆ ರಾಣಿಯೂ ಇಲ್ಲ, ರಾಣಿಯಾಗುವ ಹುಳುವೂ ಇಲ್ಲ. ಒಂದು ರಾಣಿ ಕೋಶ ಕೀಳುವ ಮುಂಚೆಯೂ ಮಾಮೂಲಿ ಕೋಶಗಳ ತಳದಲ್ಲಿ ನೆಟ್ಟಗೆ ನಿಂತ ಮೊಟ್ಟೆ ಇದೆಯೇ ನೋಡಿ. ನೆಟ್ಟಗಿದ್ದರೆ ನಿನ್ನೆಮೊನ್ನೆಯವರೆಗೆ ರಾಣಿ ಇದ್ದಳು ಎಂದರ್ಥ.

ಕೋಶ ಕಟ್ಟುವ ಮುಂಚೆಯೇ ಆದರೆ ಜಾಗ ಕೊಟ್ಟು ಸಮಾಧಾನ ಮಾಡಬಹುದು. ಆರೇಳು ಎರಿ ತುಂಬಿದ ಕೂಡಲೇ ಜೇನು ಕೋಣೆ ಏರಿಸಿ, ಕಪ್ಪಾದ ಹಳೆ ಎರಿ ಒಂದನ್ನು ತೆಗೆದು ಖಾಲಿ ಚೌಕಟ್ಟು ಕೊಡಿ. ಕೋಶ ಕಟ್ಟಿದ ಮೇಲೆ ಸರಿಯಾದ ಮದ್ದು ಒಂದೇ, ಅವು ಮಾಡಲು ಹೊರಟದ್ದನ್ನು ನೀವೇ ಮಾಡಿಬಿಡುವುದು.

ಹೊಸ ಪೆಟ್ಟಿಗೆಯನ್ನು ಪಕ್ಕದಲ್ಲಿಡಿ. ಹಳೆ ರಾಣಿ ಇರುವ ಎರಿಯನ್ನು ಹುಡುಕಿ, ಅದರಲ್ಲಿ ರಾಣಿ ಕೋಶವಿದ್ದರೆ ತೆಗೆದು, ಹೊಸ ಪೆಟ್ಟಿಗೆಗೆ ಇಳಿಸಿ. ಜೊತೆಗೆ ಮುಚ್ಚಿದ ಮರಿಗಳ ಒಂದು ಎರಿ, ತುಪ್ಪ ಮತ್ತು ಪರಾಗದ ಒಂದು ಎರಿ. ಇನ್ನೆರಡು ಎರಿಗಳ ನೊಣಗಳನ್ನೂ ಅದಕ್ಕೆ ಕೊಡವಿ, ಏಕೆಂದರೆ ಹಾರಲು ಕಲಿತ ನೊಣಗಳೆಲ್ಲ ಸಂಜೆಯೊಳಗೆ ಹಳೆ ಜಾಗಕ್ಕೇ ಮರಳುತ್ತವೆ, ಹೊಸದರಲ್ಲಿ ಉಳಿಯುವುದು ಎಳೆಯವು ಮಾತ್ರ. ಹಳೆ ಪೆಟ್ಟಿಗೆ ಇದ್ದಲ್ಲೇ ಇರಲಿ. ಅದರಲ್ಲಿ ಉದ್ದನೆಯ, ನೇರವಾದ ಒಂದು ಮುಚ್ಚಿದ ರಾಣಿ ಕೋಶ ಬಿಟ್ಟು ಮಿಕ್ಕವನ್ನು ತೆಗೆಯಿರಿ. ನಾಲ್ಕೈದು ಬಿಟ್ಟರೆ ಮೊದಲು ಬಂದ ಕನ್ಯಾರಾಣಿಯೇ ಇನ್ನೊಂದು ಹಿಂಡು ಕಟ್ಟಿಕೊಂಡು ಹೊರಡುತ್ತಾಳೆ, ಆಮೇಲೆ ಮತ್ತೊಬ್ಬಳು, ಕಡೆಗೆ ಪೆಟ್ಟಿಗೆಯಲ್ಲಿ ಒಂದು ಹಿಡಿ ನೊಣ. ಉಳಿಸಿದ ಕೋಶವಿರುವ ಚೌಕಟ್ಟನ್ನು ಕೊಡವಬೇಡಿ, ತಲೆಕೆಳಗು ಮಾಡಬೇಡಿ. ಒಳಗಿನ ರಾಣಿಯ ರೆಕ್ಕೆ ಕೆಡುತ್ತದೆ.

ಹೊಸ ಪೆಟ್ಟಿಗೆಯ ಬಾಗಿಲನ್ನು ಎರಡು ನೊಣ ಹಿಡಿಸುವಷ್ಟು ಕಿರಿದು ಮಾಡಿ, ಸಂಜೆ ಸಕ್ಕರೆಪಾಕ ಕೊಡಿ. ಹಳೆ ಪೆಟ್ಟಿಗೆಯಲ್ಲಿ ರಾಣಿ ಹೊರಬಂದು, ಐದಾರು ದಿನ ಬಲಿತು, ಬಿಸಿಲಿನ ಮಧ್ಯಾಹ್ನ ಹಾರಿ ಗಂಡುಗಳನ್ನು ಕೂಡಿ, ಮೊಟ್ಟೆಯಿಡಲು ಒಟ್ಟು ಮೂರು ವಾರ ಹಿಡಿಯಬಹುದು. ಅಷ್ಟು ದಿನ ಮಧ್ಯಾಹ್ನ ಪೆಟ್ಟಿಗೆ ತೆರೆಯಬೇಡಿ, ಜಾಗ ಬದಲಿಸಬೇಡಿ, ಪಕ್ಕದಲ್ಲಿ ಹೊಸದೇನನ್ನೂ ಇಡಬೇಡಿ. ಕೂಡಿ ಬಂದ ರಾಣಿ ಗುರುತು ತಪ್ಪಿ ಬೇರೆ ಪೆಟ್ಟಿಗೆ ಹೊಕ್ಕರೆ ಅಲ್ಲಿ ಕೊಲ್ಲುತ್ತವೆ. ಇಪ್ಪತ್ತೈದು ದಿನವಾದರೂ ಮೊಟ್ಟೆ ಇಲ್ಲದಿದ್ದರೆ ಇನ್ನೊಂದು ಪೆಟ್ಟಿಗೆಯಿಂದ ಮೊಟ್ಟೆಯಿರುವ ಎರಿ ಕೊಡಿ. ತಡಮಾಡಿದರೆ ಕೆಲಸಗಾರ ನೊಣಗಳೇ ಮೊಟ್ಟೆಯಿಡತೊಡಗುತ್ತವೆ. ತುಡುವೆಯಲ್ಲಿ ಇದು ಬೇಗ ಆಗುತ್ತದೆ. ಒಂದೇ ಕೋಶದಲ್ಲಿ ಮೂರ್ನಾಲ್ಕು ಮೊಟ್ಟೆ, ಗೋಡೆಗೆ ಅಂಟಿದ ಮೊಟ್ಟೆ ಕಂಡರೆ ಅದೇ. ಅದರಿಂದ ಹುಟ್ಟುವುದೆಲ್ಲ ಗಂಡು.

ಕೊಂಬೆಯಲ್ಲಿ ಕೂತ ಹಿಂಡು

ಇಷ್ಟಾಗಿಯೂ ಹಿಂಡು ಹೊರಟರೆ, ಅಥವಾ ಯಾರದೋ ಮನೆಯ ಮುಂದೆ ತುಡುವೆ ಗೊಂಚಲು ಕೂತಿದ್ದರೆ ಗಾಬರಿ ಬೇಡ. ಹೊರಡುವ ಮುಂಚೆ ಹೊಟ್ಟೆ ತುಂಬ ತುಪ್ಪ ಕುಡಿದಿರುತ್ತವೆ, ಕಾಯಲು ಮರಿಯಿಲ್ಲ, ಮನೆಯಿಲ್ಲ, ಚುಚ್ಚುವುದು ಅಪರೂಪ. ಹಾರುತ್ತಿರುವಾಗ ನೀರನ್ನು ತುಂತುರಾಗಿ ಎರಚಿದರೆ ಹತ್ತಿರದಲ್ಲೇ ಇಳಿಯುವ ಸಾಧ್ಯತೆ ಹೆಚ್ಚು. ತಟ್ಟೆ ಬಡಿದರೆ ಇಳಿಯುತ್ತದೆ ಎಂಬ ನಂಬಿಕೆಯಿದೆ. ಇಳಿಯುವ ಹಿಂಡು ಬಡಿಯದಿದ್ದರೂ ಇಳಿಯುತ್ತದೆ.

ಕೂತ ಮೇಲೆ ಕೆಲವು ಗಂಟೆಯಿಂದ ಎರಡು ಮೂರು ದಿನ ಇರಬಹುದು. ಗೊಂಚಲಿನ ಮೈಮೇಲೆ ಕೆಲವು ನೊಣ ಹೊಟ್ಟೆ ಅಲುಗಿಸುತ್ತಾ ಎಂಟರ ಆಕಾರದಲ್ಲಿ ಕುಣಿಯುತ್ತಿದ್ದರೆ ಅವು ಮನೆ ನೋಡಿ ಬಂದ ದೂತರು. ಅನೇಕವು ಒಂದೇ ದಿಕ್ಕಿಗೆ ಕುಣಿಯತೊಡಗಿದರೆ ಒಮ್ಮತ ಆಗುತ್ತಿದೆ, ಹೊರಡುವ ಹೊತ್ತು ಹತ್ತಿರ. ಅಂಥದ್ದನ್ನು ಸಂಜೆಗೆ ಬಿಡದೆ ಕೂಡಲೇ ಹಿಡಿಯಬೇಕು. ಅಂಥ ಕುಣಿತ ಕಾಣದಿದ್ದರೆ ಬಿಸಿಲಿಳಿದ ಮೇಲೆ ಹಿಡಿಯುವುದು ಸುಲಭ.

ಬೇಕಾದ್ದು: ಮುಖಪರದೆ, ಉದ್ದ ತೋಳಿನ ತಿಳಿಬಣ್ಣದ ಅಂಗಿ, ನೀರಿನ ಸ್ಪ್ರೇ, ಬಾಯಿಗೆ ದಾರವಿರುವ ತೆಳು ಹತ್ತಿಯ ಚೀಲ, ಹದವಾದ ಬುಟ್ಟಿ, ಗಟ್ಟಿ ಏಣಿ, ಏಣಿ ಹಿಡಿಯಲು ಇನ್ನೊಬ್ಬರು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಅರ್ಧ ಗಂಟೆಯಲ್ಲಿ ಒಳಗೆ ಬೆವರಿ, ಉಸಿರುಕಟ್ಟಿ, ಇಡೀ ಹಿಂಡು ಒದ್ದೆ ಮುದ್ದೆಯಾಗುತ್ತದೆ. ವಿದ್ಯುತ್ ತಂತಿಯ ಹತ್ತಿರದ ಹಿಂಡಿಗೆ ಏಣಿ ಹಾಕಬೇಡಿ.

ಗೊಂಚಲಿಗೆ ಸಣ್ಣಗೆ ನೀರು ಚಿಮುಕಿಸಿ. ರೆಕ್ಕೆ ಒದ್ದೆಯಾದವು ಹಾರುವುದಿಲ್ಲ, ಇನ್ನಷ್ಟು ಒತ್ತಾಗಿ ಕೂರುತ್ತವೆ. ಚೀಲದ ಬಾಯನ್ನು ಕೆಳಗಿನಿಂದ ಮೇಲಕ್ಕೆ, ಇಡೀ ಗೊಂಚಲು ಒಳಗಾಗುವ ಹಾಗೆ ಏರಿಸಿ ಕೊಂಬೆಯನ್ನು ಒಂದೇ ಸಲ ಜೋರಾಗಿ ಜಾಡಿಸಿ. ಮೆಲ್ಲಗೆ ನಾಲ್ಕು ಸಲ ಅಲುಗಿಸಿದರೆ ಎಲ್ಲವೂ ಎದ್ದುಬಿಡುತ್ತವೆ. ಗೋಡೆ, ಗೇಟು, ಕಾರಿನ ಕನ್ನಡಿಯಂಥ ಜಾಡಿಸಲಾಗದ ಜಾಗವಾದರೆ ಗೊಂಚಲಿನ ಮೇಲೆ ಬುಟ್ಟಿಯನ್ನು ಕವುಚಿ ಹಿಡಿದು, ಕೆಳಗಿನಿಂದ ತುಸುವೇ ಹೊಗೆ ಕೊಡಿ. ಜೇನು ಮೇಲಕ್ಕೆ, ಕತ್ತಲೆಗೆ ಹತ್ತುತ್ತದೆ.

ರಾಣಿ ಒಳಗೆ ಬಂದಳೇ ಎಂದು ತಿಳಿಯಲು ಅವಳನ್ನೇ ಹುಡುಕಬೇಕಿಲ್ಲ. ಚೀಲವನ್ನು ನೆಲದ ಮೇಲೆ ಬಾಯಿ ತುಸು ತೆರೆದು ಇಡಿ. ಬಾಯಿಯ ಬಳಿ ನೊಣಗಳು ತಲೆ ತಗ್ಗಿಸಿ, ಬಾಲ ಎತ್ತಿ, ರೆಕ್ಕೆ ಬೀಸುತ್ತಾ ನಿಂತರೆ ಅವಳು ಒಳಗಿದ್ದಾಳೆ. ಆ ವಾಸನೆ ಹಿಡಿದು ಹೊರಗಿನವೂ ಬಂದು ಸೇರುತ್ತವೆ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಚೀಲದಲ್ಲಿದ್ದವೇ ಮತ್ತೆ ಕೊಂಬೆಗೆ ಹೊರಟರೆ ಅವಳು ಅಲ್ಲೇ ಉಳಿದಿದ್ದಾಳೆ. ಪುನಃ ಜಾಡಿಸಿ.

ಮುಸ್ಸಂಜೆಗೆ ಪೆಟ್ಟಿಗೆಗೆ ಇಳಿಸಿ. ಇಲ್ಲಿ ಎಲ್ಲಕ್ಕಿಂತ ಮುಖ್ಯ ಸಾಮಾನು ನಿಮ್ಮದೇ ಆರೋಗ್ಯವಂತ ಪೆಟ್ಟಿಗೆಯಿಂದ ತಂದ, ಎಳೆ ಹುಳುಗಳಿರುವ ಒಂದು ಎರಿ. ಮರಿಯನ್ನು ಬಿಟ್ಟು ಹೋಗಲು ತುಡುವೆಗೆ ಮನಸ್ಸು ಬಾರದು. ಅದಿಲ್ಲದೆ ಖಾಲಿ ಹೊಸ ಪೆಟ್ಟಿಗೆಗೆ ಹಾಕಿದ ಹಿಂಡು ಮರುದಿನ ಬಿಸಿಲೇರುತ್ತಲೇ ಹೊರಟುಹೋಗುವುದು ಬಹಳ ಕಂಡುಬರುವ ಸೋಲು. ಎರಿ ಸಿಗದಿದ್ದರೆ ಹಳೆ ಎರಿಯ ಮೇಣವನ್ನು ಚೌಕಟ್ಟಿಗೆ ಚೆನ್ನಾಗಿ ಉಜ್ಜಿ. ಒಂದು ಭಾಗ ಸಕ್ಕರೆ, ಒಂದು ಭಾಗ ನೀರಿನ ಪಾಕವನ್ನು ದಿನಕ್ಕೆ 200 ಮಿ.ಲೀ.ನಂತೆ ಒಂದು ವಾರ, ಸಂಜೆ ಮಾತ್ರ, ಪೆಟ್ಟಿಗೆಯೊಳಗೇ ಕೊಡಿ. ಬಟ್ಟಲಲ್ಲಿ ಕಡ್ಡಿ ಹಾಕಿಡಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಹೊರಗೆ ಒಂದು ಚಮಚ ಚೆಲ್ಲಿದರೂ ಬೇರೆ ಕುಟುಂಬಗಳು ಲೂಟಿಗೆ ಬರುತ್ತವೆ.

ಬಾಗಿಲಿಗೆ ರಾಣಿ ಗೇಟು, ಅಂದರೆ ದುಡಿಯುವ ನೊಣ ನುಸುಳಿ ರಾಣಿ ನುಸುಳಲಾಗದ ಸಂದಿನ ತಡೆ, ಹಾಕಬೇಕೇ? ದೊಡ್ಡ ಹಿಂಡು, ಮೊದಲ ಪಾಲು ಎಂದು ಖಾತ್ರಿಯಿದ್ದರೆ ಮೂರ್ನಾಲ್ಕು ದಿನ ಹಾಕಿ, ಮೊಟ್ಟೆ ಕಂಡ ಕೂಡಲೇ ತೆಗೆಯಿರಿ. ಅದರಲ್ಲಿ ಇರುವುದು ಕೂಡಿಯಾದ ಹಳೆ ರಾಣಿ, ಎರಿ ಸಿಕ್ಕರೆ ಎರಡು ಮೂರು ದಿನದಲ್ಲೇ ಮೊಟ್ಟೆಯಿಡುತ್ತಾಳೆ. ಮುಷ್ಟಿಯಷ್ಟಿನ ಸಣ್ಣ ಹಿಂಡಾದರೆ ಅದು ಎರಡನೆಯ ಮೂರನೆಯ ಪಾಲು, ರಾಣಿ ಕನ್ಯೆ. ಗೇಟು ಹಾಕಿದರೆ ಅವಳು ಕೂಡಲು ಹೊರಹೋಗಲಾರಳು. ದಿನ ಮೀರಿದ ಮೇಲೆ ಬರೀ ಗಂಡು ಮೊಟ್ಟೆಯಿಟ್ಟು ಕುಟುಂಬ ನಂದುತ್ತದೆ. ಒಂದು ಮಾತು: ಮೆಲಿಫೆರಾಗೆಂದು ಮಾರುವ ಗೇಟಿನ ಸಂದಿನಲ್ಲಿ ತುಡುವೆಯ ರಾಣಿ ನುಸುಳಿಬಿಡುತ್ತಾಳೆ. ತುಡುವೆಯದೇ ಕೇಳಿ ತನ್ನಿ.

ಹಿಂಡು ಹಿಡಿಯುವ ಸುಲಭದ ದಾರಿ ಇನ್ನೊಂದಿದೆ. ಕರಾವಳಿ, ಮಲೆನಾಡಿನಲ್ಲಿ ಒಳಗೆ ಮೇಣ ಸವರಿದ ಮಡಕೆಯನ್ನು ಮರದ ಕವಲಲ್ಲಿ ಕವುಚಿ ಇಡುತ್ತಾರೆ. ನಗರದಲ್ಲಿ ಖಾಲಿ ಪೆಟ್ಟಿಗೆಗೆ ಹಳೆ ಎರಿಯ ತುಂಡು ಅಂಟಿಸಿ, ಕಿಟಕಿಯ ಸಜ್ಜೆಯ ಮೇಲೆ ನೆರಳಲ್ಲಿ ಇಟ್ಟರೆ ಅದೇ ಕೆಲಸ ಮಾಡುತ್ತದೆ. ನಿಮ್ಮ ಪೆಟ್ಟಿಗೆಯಿಂದ ತಪ್ಪಿದ್ದು ಪಕ್ಕದವರ ಮನೆಗೆ ಹೋಗುವ ಬದಲು ಅಲ್ಲಿಗೇ ಬಂದೀತು.

ಗೋಡೆಯೊಳಗಿನ ಗೂಡು

ಎರಿ ಕಟ್ಟಿ ನೆಲೆಯಾದ ಕುಟುಂಬವನ್ನು ಬಿಡಿಸುವುದು ಬೇರೆಯೇ ಕೆಲಸ, ಮರಿಯಿರುವುದರಿಂದ ಚುಚ್ಚುತ್ತವೆ. ಮೀಟರ್ ಬಾಕ್ಸಾದರೆ ಮೊದಲು ಕರೆಂಟು ತೆಗೆಸಿ. ಹೊಗೆ ಕೊಟ್ಟು ಎರಿಗಳನ್ನು ಒಂದೊಂದಾಗಿ ಕೊಯ್ದು, ಮರಿಗಳಿರುವ ಭಾಗವನ್ನು ಮಾತ್ರ ಖಾಲಿ ಚೌಕಟ್ಟಿಗೆ ಇಟ್ಟು ಬಾಳೆನಾರಿನಿಂದ ಕಟ್ಟಿ. ನಾರನ್ನು ನೊಣಗಳೇ ಆಮೇಲೆ ಕಡಿದು ಹೊರಹಾಕುತ್ತವೆ. ಗೂಡಿನಲ್ಲಿ ಮೇಲಿದ್ದ ಅಂಚು ಚೌಕಟ್ಟಿನಲ್ಲೂ ಮೇಲೇ ಬರಬೇಕು, ಏಕೆಂದರೆ ಕೋಶಗಳು ತುಸು ಮೇಲ್ಮುಖವಾಗಿ ಓರೆಯಾಗಿರುತ್ತವೆ. ತುಪ್ಪದ ಎರಿ ಕಟ್ಟಬೇಡಿ: ಭಾರಕ್ಕೆ ಜಾರಿ, ಮರಿಗಳ ಮೇಲೆ ಸುರಿದು, ರಾತ್ರಿಯೇ ಇರುವೆ ಕರೆಯುತ್ತದೆ.

ರಾಣಿ ಸಿಕ್ಕರೆ ಪಂಜರದಲ್ಲಿ ಹಾಕಿ ಚೌಕಟ್ಟಿನ ನಡುವೆ ಸಿಕ್ಕಿಸಿ, ಉಳಿದವು ತಾವೇ ಬರುತ್ತವೆ. ಮರುದಿನ ಅವಳನ್ನು ಬಿಡಿ. ಪೆಟ್ಟಿಗೆಯನ್ನು ಕತ್ತಲಾಗುವವರೆಗೆ ಹಳೆ ಬಾಗಿಲ ಬಳಿಯೇ ಇಟ್ಟು, ಎಲ್ಲ ಒಳಸೇರಿದ ಮೇಲೆ ಮುಚ್ಚಿ ಸಾಗಿಸಿ. ಸಾಗಿಸುವುದಾದರೆ ಎರಡು ಮೂರು ಕಿಲೋಮೀಟರ್ ಆಚೆಗೆ, ಅಥವಾ ಅಲ್ಲೇ ದಿನಕ್ಕೆ ಒಂದೆರಡು ಅಡಿಯಂತೆ. ನಡುವಿನ ದೂರಕ್ಕೆ ಒಯ್ದರೆ ದುಡಿಯುವ ನೊಣಗಳೆಲ್ಲ ಹಳೆ ಗೋಡೆಗೇ ಮರಳಿ ಸಾಯುತ್ತವೆ. ಗೋಡೆಯ ಪೊಟರೆಯನ್ನು ಕೆರೆದು, ತೊಳೆದು, ಗಾರೆಯಿಂದ ಮುಚ್ಚಿಸಿ. ಮೇಣದ ವಾಸನೆ ಉಳಿದರೆ ಬರುವ ವರ್ಷ ಇನ್ನೊಂದು ಹಿಂಡು ಗ್ಯಾರಂಟಿ.

ತುಪ್ಪ, ಮಳೆಗಾಲ

ಜೇನು ಕೋಣೆಯಿಂದ ಮಾತ್ರ, ಮುಕ್ಕಾಲು ಭಾಗ ಕೋಶ ಮುಚ್ಚಿದ ಮೇಲೆ ತೆಗೆಯಿರಿ. ಹೊಂಗೆ, ಬೇವು, ನೇರಳೆ, ಹುಣಸೆ ಹೂಬಿಡುವ ಮಾರ್ಚಿನಿಂದ ಮೇವರೆಗೆ ಸುಗ್ಗಿ. ತುಡುವೆಯ ತುಪ್ಪ ನೀರು. ಮುಚ್ಚದ ಕೋಶದ್ದನ್ನು ತೆಗೆದರೆ ಹುಳಿಯುತ್ತದೆ. ಮಾರಾಟಕ್ಕೆ ನಿಯಮದ ಪ್ರಕಾರ ತೇವಾಂಶ 20 ಶೇಕಡಾ ಮೀರಬಾರದು. ವರ್ಷಕ್ಕೆ ಒಂದು ಪೆಟ್ಟಿಗೆಗೆ ಐದಾರು ಕಿಲೋ ಬಂದರೆ ಒಳ್ಳೆಯ ವರ್ಷ. ಸಂಸಾರ ಕೋಣೆಯ ತುಪ್ಪ ಅವುಗಳ ಮಳೆಗಾಲದ ಊಟ, ಅದಕ್ಕೆ ಕೈಹಾಕಬೇಡಿ.

ಜೂನಿನಿಂದ ಸೆಪ್ಟೆಂಬರ್ ತನಕ ಕುಟುಂಬ ಸೊರಗುತ್ತದೆ. ನೊಣ ಮುಚ್ಚಲಾಗದ ಎರಿಗಳನ್ನು ತೆಗೆದುಬಿಡಿ, ಇಲ್ಲದಿದ್ದರೆ ಮೇಣದ ಪತಂಗದ ಹುಳು ಅಲ್ಲಿ ಸುರಂಗ ಕೊರೆದು ಬಲೆ ನೇಯುತ್ತದೆ. ಅಡಿಮಣೆಯನ್ನು ವಾರಕ್ಕೊಮ್ಮೆ ಗುಡಿಸಿ, ಮೂರ್ನಾಲ್ಕು ದಿನಕ್ಕೊಮ್ಮೆ ಪಾಕ ಕೊಡಿ. ಹುಳುಗಳು ತಲೆ ಮೇಲೆತ್ತಿ, ನೀರು ತುಂಬಿದ ಚೀಲದಂತಾಗಿ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್, 1991–92ರಲ್ಲಿ ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಬರಿದುಮಾಡಿದ ರೋಗ. ವೈರಸ್ಸಿನದು, ಮದ್ದಿಲ್ಲ. ಆ ಪೆಟ್ಟಿಗೆಯ ಎರಿ, ಉಪಕರಣ ಬೇರೆಯದಕ್ಕೆ ಸೋಕಿಸಬೇಡಿ.

ಹೆಜ್ಜೇನು ಬಂದರೆ

ಇಲ್ಲಿ ತನಕ ಹೇಳಿದ ಚೀಲ, ಬುಟ್ಟಿ, ಏಣಿ ಯಾವುದೂ ಹೆಜ್ಜೇನಿಗೆ ಅಲ್ಲ. ಅದು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ, ಕೆಣಕಿದರೆ ಬಹಳ ದೂರ ಅಟ್ಟಿಸಿಕೊಂಡು ಬರುತ್ತದೆ.

ಬಾಲ್ಕನಿಯ ಸೂರಿಗೆ ಬಂದು ಕೂತ ಹಿಂಡನ್ನು ದೂರದಿಂದ ನೋಡಿ. ವಲಸೆಯ ದಾರಿಯಲ್ಲಿ ತಂಗಿದ್ದರೆ ಎರಿ ಕಟ್ಟದೆ ಕೆಲವು ಗಂಟೆ ಅಥವಾ ಕೆಲವು ದಿನದಲ್ಲಿ ತಾನೇ ಹೋಗುತ್ತದೆ. ನೊಣಗಳ ಪರದೆ ಸರಿದಾಗ ಬಿಳಿ ಎರಿ ಕಂಡರೆ ನೆಲೆಯಾಗಿದೆ. ಆಗಲೂ ಜನರ ಓಡಾಟಕ್ಕೆ ದೂರವಾಗಿ, ಎತ್ತರದಲ್ಲಿದ್ದರೆ ಬಿಟ್ಟುಬಿಡುವುದೇ ಸರಿ. ಮುಂಗಾರಿನ ಹೊತ್ತಿಗೆ ಸಾಮಾನ್ಯವಾಗಿ ಗುಳೆ ಹೋಗುತ್ತದೆ. ರಾತ್ರಿ ಮನೆಯೊಳಗೆ ನೊಣ ಬರುತ್ತಿದೆ ಎಂಬುದು ದೊಡ್ಡ ದೂರು. ಕಾರಣ ನಿಮ್ಮ ಟ್ಯೂಬ್‌ಲೈಟು. ಹೆಜ್ಜೇನು ರಾತ್ರಿಯೂ ಹಾರುತ್ತದೆ, ಬೆಳಕಿಗೆ ಬಂದು ಬೀಳುತ್ತದೆ. ಆ ಕಡೆಯ ದೀಪ ಆರಿಸಿ, ದಪ್ಪ ಪರದೆ ಎಳೆದು, ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿದರೆ ಮುಕ್ಕಾಲು ತೊಂದರೆ ಮುಗಿಯಿತು. ಕೆಳಗೆ ಹೋಮದ ಹೊಗೆ, ಪಟಾಕಿ, ಗಾಳಿಪಟ, ಡ್ರಿಲ್ಲಿಂಗ್ ಬೇಡ.

ಕೀಟನಾಶಕ ಹೊಡೆಸುವುದು, ರಾತ್ರಿ ಪಂಜು ಹಿಡಿದು ಸುಡುವುದು ಎರಡೂ ತಪ್ಪು. ಅರೆಜೀವದ ನೊಣಗಳು ಎರಡು ದಿನ ನೆಲದ ಮೇಲೆ ಹರಿದಾಡಿ ಕಾಲಿಗೆ ಚುಚ್ಚುತ್ತವೆ, ವಿಷದ ತುಪ್ಪ ಗೋಡೆಯಲ್ಲಿ ಇಳಿಯುತ್ತದೆ, ಅದನ್ನು ಕದಿಯಲು ಬಂದ ನಿಮ್ಮ ತುಡುವೆಯೂ ಸಾಯುತ್ತದೆ. ಶಾಲೆ, ಲಿಫ್ಟಿನ ಬಾಗಿಲು, ಆಟದ ಜಾಗದಂಥ ಕಡೆ ತೆಗೆಯಲೇಬೇಕಾದರೆ ಪಾಲಿಕೆಯ ಅರಣ್ಯ ಘಟಕವನ್ನೋ ಕೊಲ್ಲದೆ ತೆಗೆಯುವ ಅನುಭವಿಗಳನ್ನೋ ಕರೆಸಿ. "ಎಷ್ಟು ತಗೋತೀರಿ ಅಣ್ಣ" ಎಂದು ಕೇಳುವ ಮುಂಚೆ "ಹೇಗೆ ತೆಗೀತೀರಿ" ಎಂದು ಕೇಳಿ.

ದಾಳಿಯಾದರೆ ಮುಖವನ್ನು ಬಟ್ಟೆಯಿಂದ ಮುಚ್ಚಿಕೊಂಡು ಓಡಿ, ಬಾಗಿಲಿರುವ ಕೋಣೆಯನ್ನೋ ಕಾರನ್ನೋ ಸೇರಿ. ಕೈ ಬೀಸಬೇಡಿ, ನೊಣ ಜಜ್ಜಿದಲ್ಲಿ, ಚುಚ್ಚಿದಲ್ಲಿ ಬಾಳೆಹಣ್ಣಿನಂಥ ಒಂದು ವಾಸನೆ ಹೊಮ್ಮಿ ಉಳಿದವನ್ನೂ ಕೆರಳಿಸುತ್ತದೆ. ನೀರಿಗೆ ಹಾರಬೇಡಿ, ತಲೆ ಎತ್ತುವುದನ್ನೇ ಕಾದಿರುತ್ತವೆ. ಒಳಗೆ ಹೋದ ಮೇಲೆ ಮುಳ್ಳುಗಳನ್ನು ಉಗುರಿಂದಲೋ ಇಕ್ಕಳದಿಂದಲೋ ತೆಗೆಯಿರಿ. ಹೇಗೆ ಎಂಬುದಕ್ಕಿಂತ ಎಷ್ಟು ಬೇಗ ಎಂಬುದು ಮುಖ್ಯ, ವಿಷದ ಚೀಲ ಮುಳ್ಳಿನ ಜೊತೆಗೇ ಉಳಿದು ಒತ್ತುತ್ತಿರುತ್ತದೆ. ಉಸಿರಾಟದ ತೊಂದರೆ, ತುಟಿ ನಾಲಿಗೆ ಊದುವುದು, ಮೈತುಂಬ ದದ್ದು, ತಲೆಸುತ್ತು, ವಾಂತಿ ಯಾವುದು ಕಂಡರೂ ಒಂದೇ ಕಡಿತವಾಗಿದ್ದರೂ 108ಕ್ಕೆ ಕರೆ ಮಾಡಿ. ಮಕ್ಕಳು, ವಯಸ್ಸಾದವರು ಹತ್ತಕ್ಕಿಂತ ಹೆಚ್ಚು ಕಡಿತ ತಿಂದಿದ್ದರೆ ಚೆನ್ನಾಗಿಯೇ ಇದ್ದಂತೆ ಕಂಡರೂ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿಂಡು ಹೋದ ಮೇಲೆ ಖಾಲಿ ಎರಿಯನ್ನು ಕೆರೆದು ತೆಗೆಸಿ, ಸೋಪುನೀರಿನಲ್ಲಿ ಉಜ್ಜಿ ತೊಳೆದು ಬಣ್ಣ ಬಳಿಸಿ. ಹೆಜ್ಜೇನಿಗೆ ಹಿಂದಿನ ಜಾಗಕ್ಕೇ ಮರಳುವ ಅಭ್ಯಾಸವಿದೆ. ಮತ್ತೆ ಬೇಡವೆಂದಾದರೆ ಮಳೆಗಾಲ ಮುಗಿಯುವುದರೊಳಗೆ ಸೂರಿನ ಕೆಳಗೆ ಪಾರಿವಾಳದ ಬಲೆಯಲ್ಲ, ನೊಣ ನುಸುಳದ ಸಣ್ಣ ಕಣ್ಣಿನ ಜಾಲರಿಯನ್ನು ಓರೆಯಾಗಿ ಬಿಗಿಸಿ.